ಕಷಾಯದ ಹಬೆ, ಒಲೆಯ ಹೊಗೆ

ಮೊನ್ನೆ ಶನಿವಾರ ಬೆಳಿಗ್ಗೆ ಎದ್ದಾಗ ಮೂಗಿನ ಎರಡೂ ಹೊಳ್ಳೆ ಬಂದ್. ಆಫೀಸಿನಲ್ಲಿ ಪಕ್ಕದ ಸೀಟಿನವನು ಬುಧವಾರದಿಂದ ಸೀನುತ್ತಿದ್ದ. ಕೋಡ್ ಕೊಡು ಮಾರಾಯ ಅಂದರೆ ವಾರಗಟ್ಟಲೆ ಸತಾಯಿಸುವವನು ಶೀತವನ್ನು ಮಾತ್ರ ಟೈಮಿಗೆ ಸರಿಯಾಗಿ ಡೆಲಿವರಿ ಮಾಡಿದ್ದ. ಗಂಟಲಲ್ಲಿ ಕಫ ಗಟ್ಟಿಯಾಗಿ ಕೂತಿತ್ತು. ಉಗುಳಿದರೆ ಬರೋದಿಲ್ಲ, ನುಂಗಿದರೆ ಇಳಿಯೋದಿಲ್ಲ.

ಊರಿಗೆ ಫೋನ್ ಮಾಡಿ "ಹಲೋ" ಅಂದಿದ್ದಷ್ಟೇ. "ಶೀತ ಆಗಿದ್ಯಾ? ಕಷಾಯ ಮಾಡ್ಕೊಂಡು ಕುಡಿ. ರಾತ್ರಿ ಮೊಸರು ಹಾಕ್ಕೋಬೇಡ" ಅಂತ ಮೂರೇ ವಾಕ್ಯದಲ್ಲಿ ಅಮ್ಮ ರೋಗ, ಔಷಧಿ, ಪಥ್ಯ ಎಲ್ಲ ಮುಗಿಸಿಬಿಟ್ಟಳು.

ಊರಿಂದ ತಂದ ಕಷಾಯದ ಪುಡಿ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿತ್ತು. ಎರಡು ಲೋಟ ನೀರಿಗೆ ಒಂದು ಚಮಚ ಪುಡಿ, ಒಂದು ಸಣ್ಣ ಉಂಡೆ ಬೆಲ್ಲ. ಎರಡು ಲೋಟ ಒಂದೂವರೆ ಆಗುವಷ್ಟು ಕುದಿಸಿ, ಒಂಚೂರು ಹಾಲು ಹಾಕಿ, ಸೋಸಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಲ್ಕನಿಯಲ್ಲಿ ಕೂತೆ. ನಾಲ್ಕು ಗುಟುಕು ಇಳಿಯುವಷ್ಟರಲ್ಲಿ ಮೂಗು ಸೋರತೊಡಗಿತು, ಗಂಟಲು ಬಿಟ್ಟುಕೊಂಡಿತು. ಹಬೆಯಲ್ಲಿದ್ದ ಜೀರಿಗೆ, ಮೆಣಸಿನ ವಾಸನೆಯ ಜೊತೆಗೇ ಅಜ್ಜಿಯ ಅಡುಗೆಮನೆಯೂ ಬಂತು. ಆ ಅಡುಗೆಮನೆ ನೆನಪಾದರೆ ಈಗ ಎರಡು ವರ್ಷಕ್ಕೂ ಮೇಲಾಯಿತು, ಖುಷಿಯ ಜೊತೆ ಸ್ವಲ್ಪ ಸಂಕಟವೂ ಆಗುತ್ತದೆ. ಅದನ್ನೇ ಇವತ್ತು ಬರೆಯೋಣ ಅಂತ ಕೂತಿದ್ದೇನೆ.

ನಮ್ಮೂರು ತೀರ್ಥಹಳ್ಳಿ ಕಡೆ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಹಿತ್ತಲಲ್ಲಿ ಶುಂಠಿ, ಬಾವಿಕಟ್ಟೆಯ ಪಕ್ಕ ದೊಡ್ಡಪತ್ರೆ, ಬೇಲಿಯ ಸಾಲಿಗೆ ಆಡುಸೋಗೆ. ಮೆಡಿಕಲ್ ಶಾಪಿಗೆ ಹನ್ನೆರಡು ಕಿಲೋಮೀಟರ್, ಅಜ್ಜಿಯ ಔಷಧಿ ಅಂಗಡಿಗೆ ಹನ್ನೆರಡು ಹೆಜ್ಜೆ. ಶೀತ ಅಂತ ಹೋದರೆ ಸುಮ್ಮನೆ ಒಂದೇ ಔಷಧಿ ಕೊಡುವವಳಲ್ಲ ಅವಳು. ಮೂಗು ನೀರಾಗಿ ಸುರಿಯುತ್ತಿದೆಯೋ, ಕಫ ಗಟ್ಟಿಯಾಗಿದೆಯೋ, ಒಣಕೆಮ್ಮೋ ಅಂತ ಮೊದಲು ವಿಚಾರಣೆ. ನೀರು ಮೂಗಿಗೆ ಜೀರಿಗೆ-ಮೆಣಸಿನ ಕಷಾಯ. ಒಣಕೆಮ್ಮಿಗೆ ಜ್ಯೇಷ್ಠಮಧುವಿನ ಒಂದು ಚೂರು ದವಡೆಯಲ್ಲಿ ಇಟ್ಟುಕೊಳ್ಳಬೇಕು. ಕಫ ಎದೆಯಲ್ಲಿ ಕೂತಿದ್ದರೆ ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿ, ಆ ರಸಕ್ಕೆ ಜೇನುತುಪ್ಪ. ಅದಕ್ಕೂ ಜಗ್ಗದಿದ್ದರೆ ಕೊನೆಯ ಅಸ್ತ್ರ: ಒಣಶುಂಠಿ, ಕಾಳುಮೆಣಸು, ಹಿಪ್ಪಲಿ ಮೂರನ್ನೂ ಸಮ ಪಾಲು ಕುಟ್ಟಿದ ಪುಡಿ. ಆಯುರ್ವೇದದಲ್ಲಿ ಇದಕ್ಕೆ ತ್ರಿಕಟು ಅಂತ ಹೆಸರು. ಅಜ್ಜಿ ಮಾತ್ರ "ಖಾರದ ಪುಡಿ" ಅಂತಿದ್ದಳು. ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಹಚ್ಚಿದರೆ ಕಿವಿಯಿಂದ ಹೊಗೆ ಬರುತ್ತಿತ್ತು.

ಊಟದ ಕಾನೂನು ಬೇರೆಯೇ ಇತ್ತು. ಮೆಣಸಿನ ಸಾರು, ಹುರಳಿ ಸಾರು, ಬಿಸಿ ಗಂಜಿ ಆಗಬಹುದು. ರಾತ್ರಿ ಮೊಸರು, ಎಮ್ಮೆ ಹಾಲು, ಬಾಳೆಹಣ್ಣು, ಸೌತೆಕಾಯಿ, ಉದ್ದಿನ ದೋಸೆ ಆಗದು. ನನಗೆ ಶೀತವಾದ ದಿನ ಬಾಳೆಗೊನೆಯನ್ನೇ ಅಟ್ಟಕ್ಕೆ ಸಾಗಿಸುತ್ತಿದ್ದಳು. "ಅದು ಥಂಡಿ ಮಾಣಿ, ಕಫ ಜಾಸ್ತಿ ಆಗ್ತದೆ" ಅಂದರೆ ಮುಗೀತು, ಮೇಲ್ಮನವಿ ಇಲ್ಲ.

ಇಂಜಿನಿಯರಿಂಗ್ ಸೇರಿದ ಹೊಸದರಲ್ಲಿ ಇದೆಲ್ಲ ಅಜ್ಜಿಕಥೆ ಅಂತ ಅನ್ನಿಸುತ್ತಿತ್ತು. ಆ ವಯಸ್ಸೇ ಹಾಗೆ ಬಿಡಿ. ಆಮೇಲೆ ಕೆಲಸಕ್ಕೆ ಸೇರಿ, ಒಂದು ಸಲ ಶೀತ ಬಂದು ಮೂರು ದಿನ ರೂಮಿನಲ್ಲಿ ಬಿದ್ದುಕೊಂಡಿದ್ದಾಗ, ಈ ಕಫ ಅಂದರೆ ನಿಜಕ್ಕೂ ಏನು ಅಂತ ಓದಲು ಶುರು ಮಾಡಿದೆ. ಓದುತ್ತಾ ಹೋದ ಹಾಗೆ ಅಜ್ಜಿಯ ಬಗ್ಗೆ ಗೌರವ ಜಾಸ್ತಿಯಾಯಿತು.

ಮೊದಲನೆಯದಾಗಿ, ಕಫ ನಮ್ಮ ಶತ್ರು ಅಲ್ಲವೇ ಅಲ್ಲ. ಮೂಗಿನಿಂದ ಶ್ವಾಸಕೋಶದವರೆಗಿನ ದಾರಿಯಲ್ಲಿ ಈ ಲೋಳೆ ದಿನವೂ ತಯಾರಾಗುತ್ತಲೇ ಇರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ನೀರೇ. ಒಳಗೆ ಹೋದ ಧೂಳು, ಕ್ರಿಮಿ ಎಲ್ಲ ಅದಕ್ಕೆ ಅಂಟಿಕೊಳ್ಳುತ್ತವೆ. ಆ ದಾರಿಯ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರೋಮಗಳಿವೆ. ಅವು ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತಾ ಈ ಲೋಳೆಯನ್ನು ಗಂಟಲ ಕಡೆಗೆ ತಳ್ಳುತ್ತಿರುತ್ತವೆ. ನಾವು ಗೊತ್ತೇ ಆಗದ ಹಾಗೆ ನುಂಗುತ್ತಿರುತ್ತೇವೆ. ಶೀತವಾದಾಗ ತಯಾರಿಕೆ ಜಾಸ್ತಿಯಾಗುತ್ತದೆ, ಸಾಗಣೆ ನಿಧಾನವಾಗುತ್ತದೆ, ಟ್ರಾಫಿಕ್ ಜಾಮ್ ಆಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ :-)

ಇನ್ನು ಮೆಣಸಿನ ಖಾರ. ನಾಲಿಗೆಗೆ ನಿಜವಾದ ಬಿಸಿ ತಗುಲಿದಾಗ ನರಕ್ಕೆ ಸುದ್ದಿ ಕೊಡುವ ಒಂದು ಬಾಗಿಲಿದೆ. ಹಸಿಮೆಣಸಿನಕಾಯಿಯ ಖಾರವೂ, ಕಾಳುಮೆಣಸಿನಲ್ಲಿರುವ ಪೈಪರೀನ್ ಅನ್ನುವ ಅಂಶವೂ ಅದೇ ಬಾಗಿಲನ್ನು ತಟ್ಟುತ್ತವೆ. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. "ಮೆಣಸು ಬಿಸಿ" ಅಂತ ಅಜ್ಜಿ ಅನ್ನುತ್ತಿದ್ದದ್ದು ಬರೀ ಮಾತಲ್ಲ, ದೇಹಕ್ಕೆ ಅದು ಬಿಸಿಯೇ. ಆ ಸುದ್ದಿಗೆ ಬೆದರಿ ಮೂಗು, ಕಣ್ಣು ನೀರು ಸುರಿಸುತ್ತವೆ, ಗಟ್ಟಿಯಾಗಿ ಕೂತದ್ದು ಸ್ವಲ್ಪ ಸಡಿಲವಾದ ಹಾಗಾಗುತ್ತದೆ. ಶುಂಠಿಯದ್ದೂ ಇದೇ ಕಥೆ. ಒಣಗಿದಾಗ ಅದರ ಖಾರದ ಅಂಶವೇ ಬದಲಾಗಿ ಇನ್ನೂ ಚುರುಕಾಗುತ್ತದೆ. ಕಷಾಯಕ್ಕೆ ಒಣಶುಂಠಿ, ಚಟ್ನಿಗೆ ಹಸಿಶುಂಠಿ ಅಂತ ಅಜ್ಜಿ ಯಾಕೆ ಬೇರೆ ಮಾಡುತ್ತಿದ್ದಳು ಅಂತ ಆವತ್ತು ಗೊತ್ತಾಯಿತು.

ಬಿಸಿ ನೀರಿನ ಬಗ್ಗೆಯೂ ಪರೀಕ್ಷೆಗಳಾಗಿವೆ. 1978ರಲ್ಲಿ ಅಮೆರಿಕದಲ್ಲಿ ಜನರಿಗೆ ತಣ್ಣೀರು, ಬಿಸಿನೀರು, ಬಿಸಿ ಕೋಳಿ ಸೂಪು ಕುಡಿಸಿ ಮೂಗಿನ ಲೋಳೆ ಎಷ್ಟು ವೇಗದಲ್ಲಿ ಸಾಗುತ್ತದೆ ಅಂತ ಅಳೆದಿದ್ದರು. ಬಿಸಿ ಕುಡಿದಾಗ ವೇಗ ಹೆಚ್ಚಿತು, ತಣ್ಣೀರಿಗೆ ಕಡಿಮೆಯಾಯಿತು. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಶೀತವಾದ 30 ಜನರಿಗೆ ಹಣ್ಣಿನ ಪಾನಕವನ್ನು ಬಿಸಿ ಮಾಡಿಯೂ, ಹಾಗೇ ತಣ್ಣಗೂ ಕೊಟ್ಟು ನೋಡಿದರು. ಮೂಗಿನಲ್ಲಿ ಗಾಳಿ ಹೋಗುವುದನ್ನು ಯಂತ್ರದಲ್ಲಿ ಅಳೆದರೆ ವ್ಯತ್ಯಾಸವೇನೂ ಇರಲಿಲ್ಲ. ಆದರೆ ಬಿಸಿ ಕುಡಿದವರಿಗೆ ಗಂಟಲು ನೋವು, ಚಳಿ, ಸುಸ್ತು ಎಲ್ಲದರಿಂದ ಆರಾಮ ಸಿಕ್ಕಿತ್ತು. ಆರಾಮ ಸಿಗುತ್ತದೆ, ಮೂಗಿನ ದಾರಿ ಅಷ್ಟೇ ಇರುತ್ತದೆ. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಬೇಲಿಯ ಆಡುಸೋಗೆ. ಅದರ ಎಲೆಯಲ್ಲಿ ವ್ಯಾಸಿಸಿನ್ ಅನ್ನುವ ಅಂಶವಿದೆ. ಅದನ್ನು ಮಾದರಿಯಾಗಿ ಇಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ಅನ್ನುವ ಕಫ ಕರಗಿಸುವ ಔಷಧಿ ತಯಾರಾದದ್ದು. ಆಂಬ್ರಾಕ್ಸಾಲ್ ಅದರದ್ದೇ ಮುಂದಿನ ತಲೆಮಾರು. ನಿಮ್ಮ ಮನೆಯ ಕೆಮ್ಮಿನ ಸಿರಪ್ಪಿನ ಬಾಟಲಿ ತಿರುಗಿಸಿ ನೋಡಿ, ಎರಡರಲ್ಲಿ ಒಂದು ಹೆಸರು ಇರಬಹುದು. ದನವೂ ಮುಟ್ಟದ ಗಿಡ ಅಂತ ಬೇಲಿಗೆ ಹಾಕಿದ್ದು ಹನ್ನೆರಡು ಕಿಲೋಮೀಟರ್ ಆಚೆಯ ಅಂಗಡಿಯಲ್ಲಿ ಬೇರೆ ವೇಷದಲ್ಲಿ ಕೂತಿತ್ತು!

ಅಜ್ಜಿ ಸೋತ ಜಾಗವೂ ಇದೆ. ಹಾಲು ಕುಡಿದರೆ ಕಫ ಜಾಸ್ತಿ ಅನ್ನೋದು. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 60 ಜನ ಆರೋಗ್ಯವಂತರಿಗೆ ಬೇಕೆಂದೇ ಶೀತದ ವೈರಸ್ ತಗುಲಿಸಿ, ದಿನಕ್ಕೆ ಎಷ್ಟು ಹಾಲು ಕುಡಿದರು ಅಂತ ಬರೆದಿಟ್ಟು, ಮೂಗು ಒರೆಸಿದ ಟಿಶ್ಯೂಗಳನ್ನು ತೂಕ ಮಾಡಿದರು. (ಆ ಕೆಲಸ ಮಾಡಿದವರಿಗೆ ನನ್ನ ನಮಸ್ಕಾರ.) ಹಾಲಿಗೂ ಸಿಂಬಳಕ್ಕೂ ಸಂಬಂಧ ಕಾಣಲಿಲ್ಲ. ಹಾಲು ಎಂಜಲಿನ ಜೊತೆ ಸೇರಿ ಗಂಟಲಲ್ಲಿ ಸ್ವಲ್ಪ ಹೊತ್ತು ದಪ್ಪಗೆ ಅನ್ನಿಸುತ್ತದೆ, ಅಷ್ಟೇ. ಇದನ್ನು ಅಜ್ಜಿಗೆ ಹೇಳಿದೆ. "ಆ ಅರವತ್ತು ಜನ ಎಮ್ಮೆ ಹಾಲು ಕುಡಿದಿದ್ರನಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

2020ರಲ್ಲಿ ಕೊರೊನಾ ಬಂದಾಗ ಕಷಾಯಕ್ಕೆ ಒಮ್ಮೆಲೇ ರಾಜಯೋಗ ಬಂತಲ್ಲ, ಆಯುಷ್ ಸಚಿವಾಲಯವೂ ತುಳಸಿ, ದಾಲ್ಚಿನ್ನಿ, ಮೆಣಸು, ಶುಂಠಿ ಹಾಕಿ ಕುಡಿಯಿರಿ ಅಂತ ಹೇಳಿತ್ತು. ನಾನು ಅತ್ಯುತ್ಸಾಹದಲ್ಲಿ ಡಬಲ್ ಮೆಣಸು ಹಾಕಿ ದಿನಕ್ಕೆ ನಾಲ್ಕು ಲೋಟ ಕುಡಿದು, ಮೂರನೇ ವಾರಕ್ಕೆ ಹೊಟ್ಟೆ ಉರಿ ಹತ್ತಿಸಿಕೊಂಡೆ. "ಕಷಾಯ ಅಂದ್ರೆ ಕಾಫಿ ಅಲ್ಲ ಮಾಣಿ, ಅಳತೆ ಬೇಕು" ಅಂತ ಅಜ್ಜಿ ಫೋನಿನಲ್ಲೇ ಬೈದಿದ್ದಳು.

ಹೀಗೆ ಅಜ್ಜಿಯ ಒಂದೊಂದೇ ಔಷಧಿಗೆ ಮಾರ್ಕ್ಸ್ ಹಾಕುತ್ತಾ ಕೂತಿದ್ದ ನಾನು, ಒಂದು ಪ್ರಶ್ನೆಯನ್ನು ಮಾತ್ರ ಕೇಳಿಕೊಂಡಿರಲೇ ಇಲ್ಲ. ಎಲ್ಲರ ಕಫ ಇಳಿಸುವ ಅಜ್ಜಿ ತಾನು ಯಾಕೆ ಕೆಮ್ಮುತ್ತಾಳೆ?

ಕೆಮ್ಮುತ್ತಿದ್ದಳು. ನನಗೆ ನೆನಪಿರುವಾಗಿನಿಂದಲೂ. ಬೆಳಗಿನ ಐದು ಗಂಟೆಗೆ ಅಜ್ಜಿ ಎದ್ದು, ಒಲೆಯ ಮುಂದೆ ಕೂತು, ಊದುಗೊಳವೆಯಲ್ಲಿ ಊದಿ ಬೆಂಕಿ ಮಾಡಿ, ಕೆಮ್ಮಿ, ಹಿತ್ತಲಿಗೆ ಹೋಗಿ ಕಫ ಉಗಿದು ಬರುವುದು ನಮ್ಮ ಮನೆಯ ಅಲಾರಾಂ. ಅದು ಕೇಳಿಸಿದರೆ ಇನ್ನೂ ಒಂದು ಗಂಟೆ ಮಲಗಬಹುದು ಅಂತ ನಾನು ಕಂಬಳಿ ಎಳೆದುಕೊಳ್ಳುತ್ತಿದ್ದೆ. ಅಡಿಕೆ ಸುಗ್ಗಿ ಬಂದರೆ ಕೆಮ್ಮು ಜಾಸ್ತಿ. ರಾತ್ರಿಯೆಲ್ಲ ಅಂಗಳದಲ್ಲಿ ಹಂಡೆಯಲ್ಲಿ ಚೊಗರು ಹಾಕಿ ಅಡಿಕೆ ಬೇಯುತ್ತಿರುತ್ತದೆ, ಒಲೆಗೆ ಹಸಿ ಸೌದೆ ನೂಕುವವಳು ಅವಳೇ. "ನಂದು ಕಫದ ಮೈ. ನನ್ನ ಅಮ್ಮನಿಗೂ ಹಿಂಗೇ ಇತ್ತು" ಅಂತ ಅವಳೇ ತೀರ್ಪು ಕೊಟ್ಟುಕೊಂಡಿದ್ದಳು. ಅವಳ ಅಮ್ಮನೂ ಇಂಥದ್ದೇ ಒಲೆಯ ಮುಂದೆ ಬದುಕು ಕಳೆದವಳು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

2022ರಲ್ಲಿ ಫೋನಿನಲ್ಲಿ ಕೆಮ್ಮು ಸ್ವಲ್ಪ ಜಾಸ್ತಿ ಅನ್ನಿಸಿತು. ಹೊಸದಾಗಿ ಓದಿಕೊಂಡ ಪಂಡಿತ ಬೇರೆ ನಾನು. "ಜ್ಯೇಷ್ಠಮಧು ಜಾಸ್ತಿ ಹಾಕಿ ಕುಡಿ ಅಜ್ಜಿ" ಅಂತ ಹೇಳಿ, ಆನ್‌ಲೈನಿನಲ್ಲಿ ಅರ್ಧ ಕೇಜಿ ಪುಡಿ ಆರ್ಡರ್ ಮಾಡಿ ಊರಿಗೆ ಕಳಿಸಿದೆ. ಮೊಮ್ಮಗ ಕಳಿಸಿದ್ದು ಅಂತ ಅಜ್ಜಿ ಮೂರು ಹೊತ್ತೂ ಕುಡಿದಳು.

ಡಿಸೆಂಬರಿನಲ್ಲಿ ಸುಗ್ಗಿಗೆ ಅಂತ ರಜೆ ಹಾಕಿ ಹೋದೆ. ಬಾವಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಅಜ್ಜಿ ಎರಡು ಸಲ ನಿಂತಳು. ಒಮ್ಮೆ ತೆಂಗಿನ ಮರ ಹಿಡಿದುಕೊಂಡು, ಒಮ್ಮೆ ಜಗಲಿಯ ಕಂಬ ಹಿಡಿದುಕೊಂಡು. ಕಾಲು ಊದಿಕೊಂಡಿತ್ತು. ಇದೆಲ್ಲ ಫೋನಿನಲ್ಲಿ ಕಾಣಿಸುವುದಿಲ್ಲ ನೋಡಿ. ಮನೆಯವರಿಗೂ ದಿನಾ ನೋಡಿ ನೋಡಿ ಅಭ್ಯಾಸವಾಗಿಬಿಟ್ಟಿತ್ತು.

ಮರುದಿನವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಮೊದಲು ಕಫದ ಪರೀಕ್ಷೆ, ಎಕ್ಸ್‌ರೇ. ಕ್ಷಯ ಅಲ್ಲ ಅಂತಾಯಿತು. ಬಿಪಿ 170 ದಾಟಿತ್ತು. ಡಾಕ್ಟರಮ್ಮ ಊಟ, ಔಷಧಿ ಎಲ್ಲ ಕೇಳುತ್ತಾ ಬಂದರು. ಜ್ಯೇಷ್ಠಮಧು ಅಂದಾಗ ಪೆನ್ ನಿಲ್ಲಿಸಿದರು. "ಎಷ್ಟು ದಿನದಿಂದ?" ಅಂದರು. ಜ್ಯೇಷ್ಠಮಧು ಜಾಸ್ತಿ ದಿನ ತಗೊಂಡರೆ ಮೈಯಲ್ಲಿ ಉಪ್ಪು-ನೀರು ನಿಂತು ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ವಯಸ್ಸಾದವರಿಗೆ ಅಪಾಯ ಅಂತ ವಿವರಿಸಿದರು. ಅಜ್ಜಿ "ಮೊಮ್ಮಗ ಕಳಿಸಿದ್ದು" ಅಂತ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಮೇಲೆ ಊದುವ ಪರೀಕ್ಷೆ. ಸ್ಪೈರೋಮೆಟ್ರಿ ಅಂತಾರೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಒಂದು ಕೊಳವೆ ಇಟ್ಟು, ಪೂರ್ತಿ ಉಸಿರೆಳೆದು ಒಂದೇ ಏಟಿಗೆ ಜೋರಾಗಿ ಊದಬೇಕು. "ಊದಿ ಅಜ್ಜಿ, ಊದಿ, ಊದಿ, ಊದಿ, ನಿಲ್ಲಿಸ್ಬೇಡಿ" ಅಂತ ಆ ಹುಡುಗಿ ಹುರಿದುಂಬಿಸುತ್ತಿದ್ದಳು. ಮೂರನೇ ಸಲಕ್ಕೆ ಅಜ್ಜಿ ಕೊಳವೆ ತೆಗೆದು, ಏದುಸಿರಲ್ಲೇ, "ಅರವತ್ತು ವರ್ಷ ಒಲೆ ಊದಿದೀನಿ ಮಗಾ, ಇಷ್ಟು ಕಷ್ಟ ಆಗಿರಲಿಲ್ಲ" ಅಂದಳು. ಎಲ್ಲರೂ ನಕ್ಕೆವು. ಡಾಕ್ಟರಮ್ಮ ನಗಲಿಲ್ಲ. "ಅದೇ ಕಾರಣ" ಅಂದರು.

ಒಳಗೆಳೆದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿಗೆ ಎಷ್ಟು ಪಾಲು ಹೊರಗೆ ಹಾಕುತ್ತೀರಿ ಅನ್ನೋದು ಲೆಕ್ಕ. ದಾರಿ ಸರಿಯಿದ್ದರೆ ಮುಕ್ಕಾಲು ಪಾಲಿನ ಆಸುಪಾಸು ಹೋಗುತ್ತದೆ. ಔಷಧಿ ಕೊಟ್ಟ ಮೇಲೂ 0.70ಕ್ಕಿಂತ ಕಡಿಮೆ ಬಂದರೆ ದಾರಿ ಕಿರಿದಾಗಿದೆ ಅಂತ. ಅಜ್ಜಿಯದ್ದು 0.54. ಕಾಯಿಲೆಯ ಹೆಸರು ಸಿಓಪಿಡಿ. ಬೀಡಿ ಸಿಗರೇಟು ಸೇದುವವರಿಗೆ ಬರುವಂಥದ್ದು ಅಂತ ನಾನು ಅಂದುಕೊಂಡಿದ್ದೆ. ಸೌದೆ ಒಲೆಯ ಹೊಗೆ ವರ್ಷಗಟ್ಟಲೆ ಕುಡಿದರೂ ಬರುತ್ತದೆ. ಹೊಗೆಗೆ ಶ್ವಾಸನಾಳ ಊದಿಕೊಳ್ಳುತ್ತದೆ, ಲೋಳೆ ಮಾಡುವ ಕೋಶಗಳು ಹೆಚ್ಚುತ್ತವೆ, ಅದನ್ನು ತಳ್ಳುವ ಆ ಸಣ್ಣ ರೋಮಗಳು ಹಾಳಾಗುತ್ತವೆ. ತಯಾರಿಕೆ ಜಾಸ್ತಿ, ಸಾಗಣೆ ಬಂದ್. ಹಾಳಾದ ಶ್ವಾಸಕೋಶ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳಬಹುದು, ಅಷ್ಟೇ.

ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ತಲೆಯಲ್ಲಿ ಒಂದೇ ಸುತ್ತುತ್ತಿತ್ತು. ಅರವತ್ತು ವರ್ಷ ಅವಳು ಇಡೀ ಮನೆಯ ಕಫಕ್ಕೆ ಕಷಾಯ ಕುದಿಸಿದ್ದು ಅದೇ ಒಲೆಯಲ್ಲಿ. ನಮಗೆ ಹಬೆ ಸಿಕ್ಕಿತು, ಅವಳಿಗೆ ಹೊಗೆ. ಗ್ಯಾಸ್ ನಮ್ಮ ಮನೆಗೆ ನಾನು ಹುಟ್ಟುವ ಮೊದಲೇ ಬಂದಿತ್ತು. ಆದರೆ "ಸಿಲಿಂಡರ್ ಬೇಗ ಖಾಲಿ ಆಗ್ತದೆ" ಅಂತ ಚಹಾ, ಕಾಫಿಗೆ ಮಾತ್ರ. ಅನ್ನ, ಕಷಾಯ, ಬಚ್ಚಲ ಹಂಡೆ ಎಲ್ಲ ಸೌದೆಯಲ್ಲೇ. ಒಲೆಯ ಅನ್ನ, ಒಲೆಯ ಸಾರು ಎಷ್ಟು ರುಚಿ ಅಂತ ಬೆಂಗಳೂರಿನ ಸ್ನೇಹಿತರಿಗೆ ಹೇಳಿಕೊಂಡು ತಿರುಗಿದವನು ನಾನೇ.

ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಸರ್ವರ್ ನಿಂತು ಹೋದರೆ ರೀಸ್ಟಾರ್ಟ್ ಮಾಡು, ತಪ್ಪಿಲ್ಲ. ಆದರೆ ದಿನಾ ರೀಸ್ಟಾರ್ಟ್ ಮಾಡಬೇಕಾಗಿ ಬಂದರೆ ಲಾಗ್ ತೆಗೆದು ನೋಡು. ಕಷಾಯ ಒಂದು ಒಳ್ಳೆಯ ರೀಸ್ಟಾರ್ಟ್. ನಾಲ್ಕು ದಿನದ ಶೀತಕ್ಕೆ ಅದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ. ಆದರೆ ಆರಾಮ ಸಿಗುವುದೂ, ದಾರಿ ತೆರೆಯುವುದೂ ಬೇರೆ ಬೇರೆ. ಅಜ್ಜಿಗೆ ಪ್ರತಿ ಲೋಟಕ್ಕೂ ಆರಾಮ ಸಿಗುತ್ತಿತ್ತು. ಆರಾಮ ಸಿಗುತ್ತಿದ್ದುದರಿಂದಲೇ ಯಾರೂ ಲಾಗ್ ನೋಡಲಿಲ್ಲ. ಕಷಾಯದ ತಪ್ಪೇನಿಲ್ಲ, ತಪ್ಪು ನಮ್ಮದು.

ಈಗ ಒಲೆ ಆರಿದೆ. ಹಂಡೆಯ ಜಾಗದಲ್ಲಿ ಸೋಲಾರ್ ಬಂದಿದೆ. ಅಡಿಕೆ ಬೇಯಿಸುವಾಗ ಅಜ್ಜಿಗೆ ಅಂಗಳಕ್ಕೆ ಪ್ರವೇಶವಿಲ್ಲ, ಒಳಗಿಂದಲೇ ಆಜ್ಞೆ ಮಾಡುತ್ತಾಳೆ. ಇನ್‌ಹೇಲರಿಗೆ "ಪುಸ್ ಪುಸ್" ಅಂತ ಹೆಸರಿಟ್ಟಿದ್ದಾಳೆ. ದೇವರ ಮನೆಯ ಕಿಟಕಿಯಲ್ಲಿ, ಜಪಸರದ ಪಕ್ಕದಲ್ಲಿ ಅದರ ಜಾಗ. ದಿನಕ್ಕೊಂದು ಲೋಟ ಕಷಾಯಕ್ಕೆ ಡಾಕ್ಟರಮ್ಮನ ಅಡ್ಡಿಯಿಲ್ಲ, ಜ್ಯೇಷ್ಠಮಧು ಮಾತ್ರ ಬೇಡ ಅಂದಿದ್ದಾರೆ. "ಗ್ಯಾಸಲ್ಲಿ ಕುದಿಸಿದ ಕಷಾಯಕ್ಕೆ ಎಂತ ರುಚಿ" ಅಂತ ಗೊಣಗುತ್ತಲೇ ಕುಡಿಯುತ್ತಾಳೆ. ಬಾವಿಯಿಂದ ಬರುವಾಗ ಈಗಲೂ ಒಮ್ಮೆ ನಿಲ್ಲುತ್ತಾಳೆ. ಎರಡು ಸಲ ಅಲ್ಲ, ಒಮ್ಮೆ.

ನಮ್ಮ ಮನೆಯ ಪುಡಿಯ ಅಳತೆ ಕೇಳುವವರು ಇದ್ದೇ ಇರುತ್ತೀರಿ, ಬರೆದುಬಿಡುತ್ತೇನೆ. ಹವೀಜ, ಅಂದರೆ ಕೊತ್ತಂಬರಿ ಬೀಜ, ಒಂದು ಲೋಟ. ಜೀರಿಗೆ ಅರ್ಧ ಲೋಟ. ಕಾಳುಮೆಣಸು ಎರಡು ಚಮಚ, ಮೆಂತ್ಯ ಒಂದು ಚಮಚ, ಹೆಬ್ಬೆರಳಿನಷ್ಟು ಒಣಶುಂಠಿ, ನಾಲ್ಕು ಏಲಕ್ಕಿ. ಒಂದೊಂದನ್ನೇ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ತರಿಯಾಗಿ ಪುಡಿ ಮಾಡಿ. ಹೊಟ್ಟೆ ಉರಿಯಿರುವವರು ಮೆಣಸು ಕಡಿಮೆ ಮಾಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ, ಅದು ಅಪಾಯ. ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಜ್ವರ ಬಿಡದಿದ್ದರೆ, ತೂಕ ಇಳಿದರೆ, ನಡೆದರೆ ಏದುಸಿರು ಬಂದರೆ ಲೋಟ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗಿ. ವಾಪಸ್ ಬಂದು ಕುಡಿದರಾಯಿತು, ಕಷಾಯ ಎಲ್ಲೂ ಓಡಿ ಹೋಗುವುದಿಲ್ಲ.

ಶನಿವಾರ ಸಂಜೆ ಅಜ್ಜಿಯೇ ಫೋನ್ ತಗೊಂಡಳು. ಮೊದಲಾಗಿದ್ದರೆ ನೇರ ಔಷಧಿಗೆ ಇಳಿಯುತ್ತಿದ್ದವಳು, ನನ್ನ ದನಿ ಕೇಳಿ ಸ್ವಲ್ಪ ಸುಮ್ಮನಿದ್ದು ಕೇಳಿದಳು.

"ಎಷ್ಟು ದಿನ ಆಯ್ತು ಮಾಣಿ, ಕೆಮ್ಮು ಶುರುವಾಗಿ?"

"ಎರಡೇ ದಿನ ಅಜ್ಜಿ."

"ಹಂಗಾರೆ ಕಷಾಯ ಸಾಕು. ಹದಿನೈದು ದಿನ ದಾಟಿದ್ರೆ ಹೇಳು, ಊದೋಕೆ ಹೋಗುವ."

ನಿಮ್ಮ ಮನೆಯ ಕಷಾಯಕ್ಕೆ ಏನೇನು ಹಾಕುತ್ತಾರೆ, ಹೇಳಿ. ಹಾಗೆಯೇ, ಅದನ್ನು ಕುದಿಸಿ ಕೊಡುವವರು ಅಡುಗೆಮನೆಯಲ್ಲಿ ಕೆಮ್ಮುತ್ತಿದ್ದಾರಾ ಅಂತ ಒಮ್ಮೆ ಕಿವಿಗೊಟ್ಟು ಕೇಳಿ.